ಫ್ಯಾಂಟಸಿ ಲೋಕಕ್ಕೆ ಬೇರು: ವಿಜಯಪುರವೋ, ಸವದತ್ತಿಯೋ?

ಕ್ವಿಯರ್ (ಸಲಿಂಗಪ್ರೇಮಿ, ಲಿಂಗ ಅಲ್ಪಸಂಖ್ಯಾತ) ಪಾತ್ರಗಳಿರುವ ಫ್ಯಾಂಟಸಿ ಕಾದಂಬರಿ ಬರೆಯಬೇಕು ಅಂತಿದ್ದೀರಾ? ಕಲ್ಪನೆಯ ನಾಡಿಗೆ ಬೇಕಾದ ಬೇರು ನಮ್ಮ ಕಡೆಯೇ ಇದೆ.

ವಿಜಯಪುರ ಆರಿಸಿಕೊಂಡರೆ ನಗರ ಬೇಗ ಎದ್ದು ನಿಲ್ಲುತ್ತದೆ. ಕೋಟೆ, ಬಾವಡಿ, ಹಲವು ಭಾಷೆ ಬೆರೆತ ಆದಿಲ್‌ಶಾಹಿ ದರ್ಬಾರು. ಗೋಳಗುಮ್ಮಟದ ಒಳಗಿನ ಗ್ಯಾಲರಿಯಲ್ಲಿ ಒಂದು ಬದಿ ಪಿಸುಗುಟ್ಟಿದ್ದು ಎದುರು ಬದಿಗೆ ಕೇಳಿಸುತ್ತದೆ. ಇಬ್ಬರು ಹೆಂಗಸರ ಗುಟ್ಟಿನ ಪ್ರೀತಿಗೆ ಎಂಥ ಜಾಗ ಅಲ್ವಾ! ಆದರೆ ಆ ಪ್ರೀತಿಯನ್ನು ಊರು ಹೇಗೆ ನೋಡುತ್ತದೆ ಅನ್ನೋದನ್ನು ಪೂರ್ತಿ ನೀವೇ ಕಟ್ಟಬೇಕು.

ಸವದತ್ತಿಯಲ್ಲಿ ಕಟ್ಟಡಕ್ಕಿಂತ ಜನ ಮುಖ್ಯ. ಎಲ್ಲಮ್ಮನ ಗುಡ್ಡದಲ್ಲಿ ಸೀರೆಯುಟ್ಟು, ಭಂಡಾರ (ಅರಿಶಿನ ಪುಡಿ) ಹಚ್ಚಿ, ತಲೆ ಮೇಲೆ ಕೊಡ ಹೊತ್ತು ಚೌಡಿಕೆ ಎಂಬ ತಂತಿವಾದ್ಯದ ಪದಕ್ಕೆ ಕುಣಿಯುವ ಜೋಗಪ್ಪಗಳನ್ನು ನೋಡಿ. ಗಂಡಾಗಿ ಹುಟ್ಟಿ, ದೇವಿ ಕರೆದಳೆಂದು ಹೆಣ್ಣಾಗಿ ಬಾಳುವವರು. ಅವರಿಗೆ ಕೈಮುಗಿಯುವ ಎಷ್ಟೋ ಜನ ಬಾಡಿಗೆ ಮನೆ ಕೊಡಲು ಹಿಂಜರಿಯುತ್ತಾರೆ. ಕಾದಂಬರಿಯ ಜೀವ ಇರುವುದು ಈ ತಿಕ್ಕಾಟದಲ್ಲೇ.

ನನ್ನ ಆಯ್ಕೆ ಸವದತ್ತಿ. ಆದರೆ ಸುಮ್ನೆ ವೇಷ, ಆಚರಣೆ ಎತ್ತಿಕೊಂಡು ಮಂತ್ರಶಕ್ತಿ ಅಂಟಿಸಬೇಡಿ. ಇದು ಬದುಕಿರುವವರ ನಂಬಿಕೆ. ಅವರ ಜೊತೆ ಕೂತು ಮಾತಾಡುವಷ್ಟು ಪುರುಸೊತ್ತು ಇಲ್ಲದಿದ್ದರೆ ವಿಜಯಪುರವನ್ನೇ ಆರಿಸಿಕೊಳ್ಳಿ.