ಹೆವಿವೇಟ್ ಬಾಕ್ಸಿಂಗ್ ತೀರ್ಪು: 36 ಚೀಟಿಗಳ ಲೆಕ್ಕ

ವಿಶ್ವ ಹೆವಿವೇಟ್ ಪಟ್ಟದ ಪಂದ್ಯಕ್ಕೆ ದುಡ್ಡು ಕೊಟ್ಟವರು ಎರಡು ಕೆಲಸಕ್ಕೆ ಬೆಲೆ ತೆರುತ್ತಾರೆ. ಒಂದು ರಿಂಗಿನೊಳಗಿನ ಇಬ್ಬರದು. ಇನ್ನೊಂದು, ಹನ್ನೆರಡು ರೌಂಡು ಕಳೆದರೂ ನಾಕೌಟ್ ಆಗದಿದ್ದರೆ ಗೆದ್ದವರು ಯಾರೆಂದು ಹೇಳುವ ಮೂವರು ಜಡ್ಜ್‌ಗಳದು. ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಈ ಎರಡನೆಯದನ್ನು. ಐದಕ್ಕೆ ಎರಡು ಅಂಕ ಕೊಡಬಹುದು, ಅದಕ್ಕಿಂತ ಹೆಚ್ಚು ಕೊಡಲು ಮನಸ್ಸು ಬರುವುದಿಲ್ಲ.

ಕೆಲಸ ನಡೆಯುವ ರೀತಿ ಸರಳ. ರಿಂಗಿನ ಮೂರು ಬದಿಯಲ್ಲಿ ಒಬ್ಬೊಬ್ಬ ಜಡ್ಜ್. ರೌಂಡು ಗೆದ್ದವನಿಗೆ 10, ಸೋತವನಿಗೆ 9. ಒಂದು ಸಲ ನೆಲಕ್ಕೆ ಬಿದ್ದರೆ ಸಾಮಾನ್ಯವಾಗಿ 10-8. ಸಮ ಎನಿಸಿದರೆ 10-10 ಕೊಡಲು ಅವಕಾಶವಿದೆ, ಆದರೆ ಅದನ್ನು ಆದಷ್ಟೂ ತಪ್ಪಿಸಬೇಕು ಅನ್ನುವುದು ರೂಢಿ. ನೋಡಬೇಕಾದದ್ದು ನಾಲ್ಕು: ಸ್ವಚ್ಛವಾಗಿ ತಗುಲಿದ ಪಂಚ್, ಫಲ ಕೊಟ್ಟ ಆಕ್ರಮಣ, ರಿಂಗಿನ ಮೇಲಿನ ಹಿಡಿತ, ರಕ್ಷಣೆ. ಪ್ರತಿ ರೌಂಡಿನ ಕೊನೆಗೆ ಅಂಕ ಬರೆದ ಚೀಟಿ ಜಡ್ಜ್ ಕೈಬಿಟ್ಟು ಹೋಗುತ್ತದೆ, ಆಮೇಲೆ ತಿದ್ದುವಂತಿಲ್ಲ. ಮೂವರಿಗೆ ಹನ್ನೆರಡರಂತೆ ಒಟ್ಟು 36 ಚೀಟಿ. ತಪ್ಪಾಗುವುದು ಹೆಚ್ಚಾಗಿ ಎರಡನೇ ಅಂಶದಲ್ಲಿ. ಮುಂದೆ ನುಗ್ಗುತ್ತಿರುವವನೇ ಗೆಲ್ಲುತ್ತಿದ್ದಾನೆ ಅನ್ನುವ ಭ್ರಮೆ ಹಳೆಯ ಜಡ್ಜ್‌ಗಳನ್ನೂ ಬಿಟ್ಟಿಲ್ಲ. ನುಗ್ಗುವವನು ದಾರಿಯುದ್ದಕ್ಕೂ ಜ್ಯಾಬ್ (ಮುಂದಿನ ಕೈಯ ನೇರ ಪಂಚ್) ತಿನ್ನುತ್ತಿದ್ದರೆ ಆ ಆಕ್ರಮಣಕ್ಕೆ ಅಂಕ ಸಲ್ಲಬಾರದು.

ಇದಕ್ಕೆ ಎಲ್ಲರೂ ನೋಡಲೇಬೇಕಾದ ಉದಾಹರಣೆ 1999ರ ಮಾರ್ಚ್ 13ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆದ ಲೆನಾಕ್ಸ್ ಲೂಯಿಸ್–ಇವಾಂಡರ್ ಹೋಲಿಫೀಲ್ಡ್ ಪಂದ್ಯ. ಲೂಯಿಸ್ ಕೈಯಲ್ಲಿ ಡಬ್ಲ್ಯುಬಿಸಿ ಬೆಲ್ಟ್, ಹೋಲಿಫೀಲ್ಡ್ ಬಳಿ ಡಬ್ಲ್ಯುಬಿಎ ಮತ್ತು ಐಬಿಎಫ್ (ಮೂರೂ ಬೇರೆ ಬೇರೆ ಸಂಸ್ಥೆಗಳು ಕೊಡುವ ವಿಶ್ವಪಟ್ಟಗಳು). ಪಂಚ್‌ಗಳನ್ನು ಲೆಕ್ಕವಿಡುವ ಕಂಪ್ಯುಬಾಕ್ಸ್ ಸಂಸ್ಥೆಯ ಎಣಿಕೆಯ ಪ್ರಕಾರ ಲೂಯಿಸ್ 613 ಪಂಚ್ ಎಸೆದು 348 ತಗುಲಿಸಿದರು, ಹೋಲಿಫೀಲ್ಡ್ 385ಕ್ಕೆ 130. ಫಲಿತಾಂಶ ಡ್ರಾ.

ಜಡ್ಜ್‌ಗಳ ಕಾರ್ಡ್‌ಗಳನ್ನು, ಅಂದರೆ ಒಟ್ಟು ಅಂಕಪಟ್ಟಿಗಳನ್ನು, ಬಿಡಿಸಿ ನೋಡಿದರೆ ರೋಗ ಎಲ್ಲಿದೆ ಗೊತ್ತಾಗುತ್ತದೆ. ದಕ್ಷಿಣ ಆಫ್ರಿಕಾದ ಸ್ಟ್ಯಾನ್ಲಿ ಕ್ರಿಸ್ಟೊಡೂಲು 116-113 ಅಂತ ಲೂಯಿಸ್‌ಗೆ ಕೊಟ್ಟರು, ಅಂದರೆ ಏಳು ರೌಂಡು ಲೂಯಿಸ್, ನಾಲ್ಕು ಹೋಲಿಫೀಲ್ಡ್, ಒಂದು ಸಮ. ಬ್ರಿಟನ್ನಿನ ಲ್ಯಾರಿ ಓಕಾನಲ್ ಅವರದು 115-115. ನಾಕ್‌ಡೌನ್ ಇಲ್ಲದ ಹನ್ನೆರಡು ರೌಂಡಿನಲ್ಲಿ ಈ ಅಂಕ ಬರಬೇಕಾದರೆ ತಲಾ ಐದು ರೌಂಡು ಹಂಚಿ ಎರಡನ್ನು 10-10 ಮಾಡಿರಲೇಬೇಕು. ಯಾರ ಕಡೆ ವಾಲಬೇಕೆಂದು ತೀರ್ಮಾನಿಸದ ಆ ಎರಡು ರೌಂಡುಗಳೇ ಪಂದ್ಯವನ್ನು ಡ್ರಾ ಕಡೆ ಎಳೆದವು. ಅಮೆರಿಕದ ಯೂಜೀನಿಯಾ ವಿಲಿಯಮ್ಸ್ 115-113 ಹೋಲಿಫೀಲ್ಡ್‌ಗೆ ಕೊಟ್ಟರು, ಅಂದರೆ 7-5.

ಐದನೇ ರೌಂಡನ್ನು ಮಾತ್ರ ಬಿಡಿಯಾಗಿ ನೋಡಿ. ಹೋಲಿಫೀಲ್ಡ್ ಹಗ್ಗಕ್ಕೆ ಆತುಕೊಂಡಿದ್ದಾರೆ, ಲೂಯಿಸ್ ಉದ್ದ ಕೈ ಬಿಚ್ಚಿ ಒಂದರ ಹಿಂದೊಂದು ಇಳಿಸುತ್ತಿದ್ದಾರೆ. ತಗುಲಿದ ಪಂಚ್ ಲೂಯಿಸ್ 43, ಹೋಲಿಫೀಲ್ಡ್ 11. ಇಡೀ ಪಂದ್ಯದಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲದ ರೌಂಡು ಇದು, ವಿಲಿಯಮ್ಸ್ ಇದನ್ನೇ ಹೋಲಿಫೀಲ್ಡ್‌ಗೆ ಬರೆದರು. ಆಮೇಲೆ ವಿಡಿಯೊ ನೋಡಿ ಅದು ಲೂಯಿಸ್ ರೌಂಡೇ ಎಂದು ಒಪ್ಪಿಕೊಂಡರು, ಛಾಯಾಗ್ರಾಹಕರು ಅಡ್ಡ ಬಂದು ಪೂರ್ತಿ ಕಾಣಲಿಲ್ಲ ಎಂದೂ ಹೇಳಿದರು. ಆ ಮಾತು ನಿಜವೇ ಇರಲಿ. ಹಾಗಿದ್ದರೆ ಜಡ್ಜ್ ಮುಂದೆ ಒಂದು ಮಾನಿಟರ್ ಇಡುವ ಖರ್ಚು ಪಂದ್ಯದ ಆದಾಯದ ಮುಂದೆ ಯಾವ ಲೆಕ್ಕ? ಲೂಯಿಸ್ ಕಡೆಯ ತಪ್ಪೂ ಇತ್ತು ಅನ್ನುವುದನ್ನು ಮುಚ್ಚಿಡಬೇಕಿಲ್ಲ. ಎದುರಾಳಿ ಹಗ್ಗದ ಮೇಲಿದ್ದಾಗ ಮುಗಿಸದೆ ಹಿಂದೆ ಸರಿದರು. ಆದರೆ ಮುಗಿಸಲಿಲ್ಲ ಅನ್ನುವ ಕಾರಣಕ್ಕೆ ರೌಂಡು ಕಿತ್ತುಕೊಳ್ಳುವ ನಿಯಮ ಎಲ್ಲೂ ಇಲ್ಲ. ಅದೇ ವರ್ಷ ನವೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ ಮತ್ತೆ ಆಡಿದಾಗ ಮೂವರೂ ಲೂಯಿಸ್‌ಗೆ ಕೊಟ್ಟರು: 116-112, 117-111, 115-113. ಎರಡನ್ನೂ ಜೊತೆಯಾಗಿ ನೋಡಿದರೆ ಹೆಚ್ಚು ಬಿಗಿಯಾಗಿದ್ದದ್ದು ಈ ಎರಡನೆಯದು.

ಡಿಯಾಂಟೆ ವೈಲ್ಡರ್–ಟೈಸನ್ ಫ್ಯೂರಿ ಮೊದಲ ಪಂದ್ಯ (ಲಾಸ್ ಏಂಜಲೀಸ್, 2018ರ ಡಿಸೆಂಬರ್ 1) ಕೂಡ ಡ್ರಾ, ಆದರೆ ಅದರ ಲೆಕ್ಕ ಬೇರೆ. ಫ್ಯೂರಿ 9 ಮತ್ತು 12ನೇ ರೌಂಡಿನಲ್ಲಿ ಬಿದ್ದರು, ಅಲ್ಲಿಗೇ ಎರಡು ಹೆಚ್ಚುವರಿ ಅಂಕ ಹೋಯಿತು. 113-113ರ ಕಾರ್ಡ್‌ನಲ್ಲಿ ಫ್ಯೂರಿಗೆ ಏಳು ರೌಂಡು, 114-112ರಲ್ಲಿ ಎಂಟು. ಈ ಎರಡಕ್ಕೂ ಸಮರ್ಥನೆ ಇದೆ. ಮೂರನೆಯದು ವೈಲ್ಡರ್‌ಗೆ 115-111. ಅದು ಬರಬೇಕಾದರೆ ಫ್ಯೂರಿ ಗೆದ್ದದ್ದು ಬರೀ ಐದು ರೌಂಡು ಆಗಬೇಕು. ಆ ಜಡ್ಜ್ ಮೊದಲ ನಾಲ್ಕು ರೌಂಡನ್ನೂ ವೈಲ್ಡರ್‌ಗೆ ಕೊಟ್ಟಿದ್ದರು. ವೈಲ್ಡರ್ ಬೀಸಿದ ಬಲಗೈ ಗಾಳಿಗೆ ಹೋಗುತ್ತಿದ್ದ ರೌಂಡುಗಳವು.

ಒಪ್ಪುವಂಥ ಕೆಲಸವೂ ಆಗಿದೆ. ಒಲೆಕ್ಸಾಂಡರ್ ಉಸಿಕ್–ಫ್ಯೂರಿ ಎರಡನೇ ಪಂದ್ಯದಲ್ಲಿ (ರಿಯಾದ್, 2024ರ ಡಿಸೆಂಬರ್ 21) ಮೂವರೂ ಉಸಿಕ್‌ಗೆ 116-112 ಬರೆದರು. ಅದೇ ವರ್ಷ ಮೇ 18ರ ಮೊದಲ ಪಂದ್ಯ ಮಾತ್ರ ಕೂದಲೆಳೆಯ ಅಂತರದ್ದು: 115-112 ಮತ್ತು 114-113 ಉಸಿಕ್‌ಗೆ, 114-113 ಫ್ಯೂರಿಗೆ. ಉಸಿಕ್‌ಗೆ 114-113 ಕೊಟ್ಟ ಕಾರ್ಡ್‌ನಲ್ಲಿ ರೌಂಡುಗಳು 6-6. ಒಂಬತ್ತನೇ ರೌಂಡಿನಲ್ಲಿ ಹಗ್ಗಕ್ಕೆ ಬಡಿದು ತೂರಾಡುತ್ತಿದ್ದ ಫ್ಯೂರಿಗೆ ರೆಫರಿ ಎಣಿಕೆ ಶುರು ಮಾಡಿದ್ದರಿಂದ ಬಂದ ಆ ಒಂದು ಅಂಕ ಇಲ್ಲದಿದ್ದರೆ ಪಂದ್ಯವೇ ಡ್ರಾ ಆಗುತ್ತಿತ್ತು.

ಲೂಯಿಸ್‌ಗೆ ಎಂಟು ತಿಂಗಳಲ್ಲಿ ಮತ್ತೊಂದು ಅವಕಾಶ ಸಿಕ್ಕಿತು. ಟಿಮ್ ವಿದರ್ಸ್ಪೂನ್‌ಗೆ ಸಿಗಲೇ ಇಲ್ಲ. 1983ರ ಮೇ 20ರಂದು, ಬರೀ 15 ಪಂದ್ಯಗಳ ಅನುಭವದ ಈ ಹುಡುಗ 42 ಪಂದ್ಯ ಸೋಲದ ಲ್ಯಾರಿ ಹೋಮ್ಸ್ ಎದುರು ನಿಂತು, ಒಂಬತ್ತನೇ ರೌಂಡಿನಲ್ಲಿ ಅವರನ್ನು ನಡುಗಿಸಿದ. ತೀರ್ಪು ಎರಡು-ಒಂದರಲ್ಲಿ ಹೋಮ್ಸ್ ಕಡೆ. ಹೋಮ್ಸ್ ಅವನೆದುರು ಮತ್ತೆ ಆಡಲಿಲ್ಲ. ವಿದರ್ಸ್ಪೂನ್ ಆಮೇಲೆ ಎರಡು ಬೆಲ್ಟ್ ಗೆದ್ದರೂ ಕೈಗೆ ದುಡ್ಡು ಬರಲಿಲ್ಲ. ಪಂದ್ಯ ಏರ್ಪಡಿಸುವ ಪ್ರೊಮೋಟರ್ ಡಾನ್ ಕಿಂಗ್, ಮ್ಯಾನೇಜರ್ ಕಿಂಗ್ ಅವರ ಮಲಮಗ ಕಾರ್ಲ್. ಬಾಕ್ಸರ್ ಪರವಾಗಿ ಚೌಕಾಸಿ ಮಾಡಬೇಕಾದವರೂ ಅದೇ ಮನೆಯವರು. 1986ರ ಜುಲೈನಲ್ಲಿ ವೆಂಬ್ಲಿಯಲ್ಲಿ ಫ್ರಾಂಕ್ ಬ್ರೂನೊ ಅವರನ್ನು ಹನ್ನೊಂದನೇ ರೌಂಡಿನಲ್ಲಿ ಮುಗಿಸಿದ ಚಾಂಪಿಯನ್‌ಗೆ ಉಳಿದದ್ದು ಸುಮಾರು 90,000 ಡಾಲರ್. ಸೋತ ಬ್ರೂನೊಗೆ ಇದರ ಹಲವು ಪಟ್ಟು. ಅದೇ ಡಿಸೆಂಬರ್‌ನಲ್ಲಿ, ಹಿಂದಿನ ವರ್ಷ ತಾವೇ ಸೋಲಿಸಿದ್ದ ‘ಬೋನ್‌ಕ್ರಷರ್’ ಸ್ಮಿತ್ ಎದುರು ಮೊದಲ ರೌಂಡಿನಲ್ಲೇ ಮೂರು ಸಲ ಬಿದ್ದು ಬೆಲ್ಟ್ ಕಳೆದುಕೊಂಡರು. ಆಗ ವಯಸ್ಸು 28. ಕಿಂಗ್ ಮೇಲೆ ಹೂಡಿದ ದಾವೆ ಸುಮಾರು ಹತ್ತು ಲಕ್ಷ ಡಾಲರಿಗೆ ರಾಜಿಯಾಯಿತು, ಆದರೆ ಅಷ್ಟರಲ್ಲಿ ಒಳ್ಳೆಯ ವರ್ಷಗಳು ಮುಗಿದಿದ್ದವು. ಆ ಕಾಲದ ಹೆವಿವೇಟ್‌ಗಳು ಮಾದಕ ವಸ್ತು, ಸೋಮಾರಿತನದಿಂದ ಹಾಳಾದರು ಅಂತ ಸಲೀಸಾಗಿ ಹೇಳುವವರು ಈ ಲೆಕ್ಕವನ್ನೂ ಜೊತೆಗಿಟ್ಟುಕೊಂಡು ಮಾತಾಡಬೇಕು. ಗೆದ್ದರೂ ಸಿಗದು ಅಂತ ಗೊತ್ತಾದ ಮೇಲೆ ಬೆಳಗಿನ ಓಟಕ್ಕೆ ಯಾರು ಏಳುತ್ತಾರೆ?

2000ದಲ್ಲಿ ಅಮೆರಿಕ ತಂದ ಮುಹಮ್ಮದ್ ಅಲಿ ಕಾಯ್ದೆ ಪ್ರೊಮೋಟರ್ ಮತ್ತು ಮ್ಯಾನೇಜರ್ ನಡುವೆ ಗೋಡೆ ಎಬ್ಬಿಸಿತು, ಜಡ್ಜ್‌ಗಳು ತಮಗೆ ಬರುವ ಹಣದ ವಿವರ ಬಾಕ್ಸಿಂಗ್ ಆಯೋಗಕ್ಕೆ ಕೊಡಬೇಕೆಂದಿತು. ಆದರೆ ಅದು ಅಮೆರಿಕದ ನೆಲಕ್ಕಷ್ಟೇ. ದೊಡ್ಡ ಹೆವಿವೇಟ್ ಪಂದ್ಯಗಳು ಈಗ ರಿಯಾದ್‌ಗೂ ಹೋಗಿವೆ.

ನೋಡುವವರು ಮಾಡಬಹುದಾದದ್ದು ಇಷ್ಟು. ಪಂದ್ಯಕ್ಕೆ ಮುಂಚೆ ಜಡ್ಜ್‌ಗಳ ಹೆಸರು ಹಿಡಿದು ಬಾಕ್ಸಿಂಗ್ ದಾಖಲೆಗಳ ಜಾಲತಾಣ ಬಾಕ್ಸ್‌ರೆಕ್‌ನಲ್ಲಿ ಅವರ ಹಿಂದಿನ ಕಾರ್ಡ್ ನೋಡಿ. ಉಳಿದಿಬ್ಬರಿಗಿಂತ ಮೂರು ರೌಂಡು ಆಚೆ ನಿಂತದ್ದು ಎಷ್ಟು ಸಲ ಅನ್ನುವುದು ಅಲ್ಲಿ ಸಿಗುತ್ತದೆ. ಪಂದ್ಯ ನೋಡುವಾಗ ಕಾಮೆಂಟರಿಯ ದನಿ ಪೂರ್ತಿ ತೆಗೆದುಬಿಡಿ. ಪ್ರತಿ ರೌಂಡನ್ನು ಒಂದೊಂದು ನಿಮಿಷದ ಮೂರು ಭಾಗ ಮಾಡಿ, ಪ್ರತಿ ಭಾಗ ಯಾರದೆಂದು ಆಗಲೇ ಗುರುತು ಹಾಕಿ, ಇಲ್ಲವಾದರೆ ಕೊನೆಯ ಮೂವತ್ತು ಸೆಕೆಂಡಿನ ಅಬ್ಬರ ಮೊದಲಿನದನ್ನೆಲ್ಲ ಅಳಿಸಿಹಾಕುತ್ತದೆ. ಗ್ಲೋವ್ ಮೇಲೆ, ತೋಳಿನ ಮೇಲೆ ಬಿದ್ದದ್ದನ್ನು ಎಣಿಸಬೇಡಿ. ಗಂಟೆ ಹೊಡೆದ ಹತ್ತು ಸೆಕೆಂಡಿನೊಳಗೆ ಅಂಕ ಬರೆಯಿರಿ, ಮರುಪ್ರಸಾರದ ತುಣುಕು ಬರುವ ಮೊದಲೇ: ಜಡ್ಜ್‌ಗೂ ಆ ತುಣುಕು ಸಿಗುವುದಿಲ್ಲ.