ಅಲಾಸ್ಕಾ ಬೇಟೆ: ದೋಣಿಯೋ, ಡೇರೆಯೋ?

ಅಲಾಸ್ಕಾ ಬೇಟೆಗೆ ದೋಣಿಯಲ್ಲೇ ತಂಗಬಹುದು, ಇಲ್ಲವೇ ಬೆಟ್ಟದಲ್ಲಿ ಡೇರೆ ಹಾಕಬಹುದು. ಗೈಡ್ ಖರ್ಚು ಎರಡರಲ್ಲೂ ಸಾಮಾನ್ಯವಾಗಿ ತಪ್ಪದು. ಕಂದು ಕರಡಿ ಬೇಟೆಗೆ ಹೊರರಾಜ್ಯದವರು ಗೈಡ್ ಅಥವಾ ಅಲ್ಲೇ ವಾಸಿಸುವ ಹತ್ತಿರದ ನೆಂಟರ ಜೊತೆಗೇ ಹೋಗಬೇಕು. ನಿಮ್ಮದು ಇನ್ನೂ ಭಾರತದ ಪಾಸ್‌ಪೋರ್ಟ್ ಆಗಿದ್ದು, ಅಮೆರಿಕದಲ್ಲಿ ಕಾಯಂ ವಾಸವೂ ಇಲ್ಲದಿದ್ದರೆ ಯಾವ ದೊಡ್ಡ ಪ್ರಾಣಿಗಾದರೂ ಗೈಡ್ ಬೇಕು.

ಆಗ್ನೇಯ ಅಲಾಸ್ಕಾದ ಮಳೆಗೆ ದೋಣಿಯೇ ಸುಖ. ಬಿಸಿ ಊಟ, ಒಣ ಹಾಸಿಗೆ ಸಿಗುತ್ತದೆ. ವಸಂತದಲ್ಲಿ ದಡದ ಹುಲ್ಲು ಮೇಯಲು ಬರುವ ಕರಡಿಗಳನ್ನು ನೀರಿನಿಂದಲೇ ದುರ್ಬೀನಿನಲ್ಲಿ ಹುಡುಕಬಹುದು. ಆದರೆ ಅಲ್ಲಿ ದೋಣಿಯಿಂದಲೇ ಗುಂಡು ಹಾರಿಸುವಂತಿಲ್ಲ. ಕುಟುಂಬವೇ ನಡೆಸುವ ದೋಣಿಯಾದರೆ ಮಲಗುವ ಜಾಗ ಎಷ್ಟಿದೆ, ಮೊದಲೇ ಕೇಳಿ. ಇಕ್ಕಟ್ಟಿನಲ್ಲಿ ಸುಮ್ನೆ ಜಗಳ ಬೇಡ.

ಡಾಲ್ ಕುರಿ (ಬೆಟ್ಟದ ಬಿಳಿ ಕಾಡುಕುರಿ) ಬೇಕೆಂದರೆ ಸಾಮಾನ್ಯವಾಗಿ ಒಳನಾಡಿನ ಬೆಟ್ಟಕ್ಕೆ ಚಿಕ್ಕ ವಿಮಾನದಲ್ಲಿ ಹಾರಿ ಡೇರೆ ಹಾಕಬೇಕು. ಹಾರಿದ ದಿನವೇ ಬೇಟೆಯಾಡುವಂತಿಲ್ಲ, ನಡಿಗೆಯೂ ಜಾಸ್ತಿ. ಸಮುದ್ರದಲ್ಲಿ ವಾಂತಿ ಬರುವವರಿಗೆ ಇದೇ ವಾಸಿ.