ಮೂವತ್ತು ಪ್ರಶ್ನೆಯ ಫಾರಂ: ಅಡಿಗೆಯವನೊಬ್ಬನ ಅಭಿಪ್ರಾಯ

ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಪೆರ್ಲ ಕಡೆ 22 ವರ್ಷದಿಂದ ಮದುವೆ, ಉಪನಯನದ ಅಡಿಗೆ ಮಾಡುವವ ನಾನು. ಕಳೆದ ಆಟಿ ತಿಂಗಳಲ್ಲಿ ಸ್ಕೂಟರು ಜಾರಿ ತಲೆಯ ಹಿಂಬದಿ ರಸ್ತೆಗೆ ಬಡಿಯಿತು. ಸ್ಕ್ಯಾನಿನಲ್ಲಿ ಪೆಟ್ಟು ಕಂಡದ್ದು ಮಾತ್ರ ಹಣೆಯ ಬದಿಗೆ. ಒಳಗೆ ಮಿದುಳು ಕೊಡಪಾನದ ನೀರಿನ ಹಾಗೆ ತುಳುಕಿ ಎದುರಿನ ಎಲುಬಿಗೆ ಹೊಡೆಯುತ್ತದಂತೆ. 11 ದಿನ ಮಂಗಳೂರಿನಲ್ಲಿ ಮಲಗಿ, 'ಎಲ್ಲ ನಾರ್ಮಲ್' ಅಂತ ಬರೆಸಿಕೊಂಡು ಬಂದೆ.

ಆರು ತಿಂಗಳು ಕಳೆದ ಮೇಲೆ ಮನಶ್ಶಾಸ್ತ್ರದ ಮೇಡಂ ಕೊಟ್ಟದ್ದು ಈ ಫಾರಂ. ಹೆಸರು ಪೇಷೆಂಟ್ ಕಾಂಪಿಟೆನ್ಸಿ ರೇಟಿಂಗ್ ಸ್ಕೇಲ್. ತಲೆಗೆ ಪೆಟ್ಟಾದವರಿಗೆ ದಿನದ ಕೆಲಸ ಎಷ್ಟು ಆಗುತ್ತದೆ ಎಂದು ಅವರನ್ನೂ ಮನೆಯವರನ್ನೂ ಬೇರೆಬೇರೆಯಾಗಿ ಕೇಳುವುದು. 30 ಪ್ರಶ್ನೆ, ಒಂದೊಂದಕ್ಕೆ 1ರಿಂದ 5. ಆಗುವುದೇ ಇಲ್ಲ ಎಂದರೆ 1, ಸಲೀಸಾಗಿ ಆಗುತ್ತದೆ ಎಂದರೆ 5. ಇಂಗ್ಲಿಷಿನಲ್ಲಿತ್ತು. ಮಲಯಾಳ ಮಾತಾಡುತ್ತೇನೆ, ಓದಲಿಕ್ಕೆ ತಡವರಿಸುತ್ತೇನೆ, ಇಂಗ್ಲಿಷ್ ಅಷ್ಟಕ್ಕಷ್ಟೆ. ಮಗಳು ರೂಲು ಹಾಳೆಯಲ್ಲಿ ಕನ್ನಡ ಮಾಡಿ ಬರೆದಳು. ಪೇಟೆಯಲ್ಲಿ ಅದರದ್ದು ಎರಡು ಜೆರಾಕ್ಸ್ ತೆಗೆಸಿದೆವು. ಖರ್ಚು ಅಷ್ಟೇ.

ನಾನು ಹತ್ತು ನಿಮಿಷದಲ್ಲಿ ತುಂಬಿಸಿದೆ. ಅಡಿಗೆ ಮಾಡಿಕೊಳ್ಳುವುದು: 5. ಅದನ್ನೂ ಕೇಳಬೇಕಾ ಮಾರಾಯ್ರೆ, 400 ಎಲೆಗೆ ಬಡಿಸಿದ ಕೈ ಇದು! ನಿನ್ನೆ ರಾತ್ರಿ ಉಂಡದ್ದು ನೆನಪು: 4. ಸಿಟ್ಟು ತಡೆದುಕೊಳ್ಳುವುದು: 5. ಒಟ್ಟು 150ಕ್ಕೆ 138 ಬಂತು.

ಇನ್ನೊಂದು ಪ್ರತಿ ಹೆಂಡತಿಗೆ, ನನ್ನ ಬಗ್ಗೆ ತುಂಬಿಸಲಿಕ್ಕೆ. ಅವಳು ಚಾವಡಿಯಲ್ಲಿ ಕೂತು ಮುಕ್ಕಾಲು ಗಂಟೆ ತೆಗೆದುಕೊಂಡಳು. ಒಟ್ಟು 91. ಸಿಟ್ಟಿಗೆ 1, ಅಡಿಗೆಗೆ 2.

"ಎಂತ 2? ಎಂತದ್ದು 2?" ಅಂತ ಫಾರಂ ಮೇಜಿಗೆ ಕುಕ್ಕಿದೆ. ಅವಳು ಏನೂ ಹೇಳದೆ ಸಿಟ್ಟಿನ ಪ್ರಶ್ನೆಯ ಮೇಲೆ ಬೆರಳಿಟ್ಟಳು.

ಈ ಫಾರಂ ಬೆಲೆ ಬಾಳುವುದು ಅಲ್ಲಿಯೇ. ಹಣೆಯ ಬದಿಯ ಮಿದುಳಿಗೆ ಏಟು ಬಿದ್ದರೆ ಕೆಲವರಿಗೆ ತನಗೆ ಏನು ಆಗುವುದಿಲ್ಲ ಎಂಬುದೇ ಗೊತ್ತಾಗುವುದಿಲ್ಲವಂತೆ. ಹಾಗಾಗಿ ನನ್ನ 138ಕ್ಕಿಂತ, ಹೆಂಡತಿಯ 91ಕ್ಕಿಂತ, ನಡುವಿನ 47ನ್ನೇ ಮೇಡಂ ನೋಡಿದರು. ದೊಡ್ಡ ಅಂತರ ಬಿದ್ದ ಪ್ರಶ್ನೆಗಳಿಗೆ ಗೆರೆ ಹಾಕಿ, ಒಂದೊಂದಾಗಿ ವಿಚಾರಿಸಿದರು. ಅಡಿಗೆಗೆ 2 ಯಾಕೆ ಅಂತ ಆಗ ಹೊರಗೆ ಬಂತು. ಆ ತಿಂಗಳು ಮೂರು ಸಲ ಹಾಲು ಸೀದಿತ್ತು. ನಾನು ಒಲೆಯ ಪಕ್ಕದಲ್ಲೇ ನಿಂತು ಫೋನಿನಲ್ಲಿ ಮಾತಾಡುತ್ತಿದ್ದೆನಂತೆ. ಅವಳು ಹಟ್ಟಿಯಿಂದ ಓಡಿ ಬಂದು ಆರಿಸಿದ್ದು. ನನಗೆ ವಾಸನೆಯೇ ಬಂದಿರಲಿಲ್ಲ.

ಫಾರಂನ ದೊಡ್ಡ ಕೊರತೆಯೂ ಇದೇ. ಮೂವತ್ತರಲ್ಲಿ ಒಂದು ಪ್ರಶ್ನೆಯೂ ಮೂಗಿನ ಬಗ್ಗೆ ಇಲ್ಲ. ಮೂಗಿನ ಮೇಲೆ ಜರಡಿಯಂಥ ಒಂದು ಎಲುಬು, ಅದರ ತೂತುಗಳಲ್ಲಿ ವಾಸನೆಯ ನರದ ಎಳೆಗಳು. ಮಿದುಳು ತುಳುಕುವಾಗ ಅವು ಹರಿದುಹೋಗುವುದುಂಟು. ಸಾರಿಗೆ ಇಂಗು ಬಿದ್ದಿದೆಯೋ ಇಲ್ಲವೋ ಎಂದು ನಾನು ಈಗ ಡಬ್ಬಿ ನೋಡಿ ಹೇಳಬೇಕು. ಸುಸ್ತು, ತಲೆನೋವು, ಗಲಾಟೆ ತಡೆಯಲಾಗದ್ದು, ಇವನ್ನೂ ಇದು ಕೇಳುವುದಿಲ್ಲ. ಅದಕ್ಕೆ ರಿವರ್‌ಮೀಡ್ ಅಂತ 16 ಪ್ರಶ್ನೆಯ ಬೇರೆ ಪಟ್ಟಿ ಇದೆ, ಏಟಿಗೆ ಮೊದಲಿನ ಸ್ಥಿತಿಗೆ ಹೋಲಿಸಿ 0ಯಿಂದ 4 ಕೊಡುವುದು. ಎರಡನ್ನೂ ಕೇಳಿ ಪಡೆಯಿರಿ. ವಾಸನೆಯ ವಿಷಯ ನೀವಾಗಿಯೇ ಬಾಯಿ ಬಿಟ್ಟು ಹೇಳಿ.

ಬಟ್ಟೆ ಹಾಕಿಕೊಳ್ಳುವುದು, ಪಾತ್ರೆ ತೊಳೆಯುವುದು ಇತ್ಯಾದಿ ಪ್ರಶ್ನೆಗಳಲ್ಲಿ ನಮಗೆ ವಿಶೇಷ ಏನೂ ಸಿಗಲಿಲ್ಲ. 'ನಾನು ಹೇಳಿದ್ದರಿಂದ ಇನ್ನೊಬ್ಬರಿಗೆ ಬೇಸರವಾದದ್ದು ಗೊತ್ತಾಗುತ್ತದೆಯೇ' ಎಂಬ ಪ್ರಶ್ನೆಗೆ ಮಾತ್ರ ಸಮಯ ಕೊಡಿ.

ಮೂರು ತಿಂಗಳಿಗೆ ಮತ್ತೆ ತುಂಬಿಸಿದೆವು: ನನ್ನದು 117, ಅವಳದ್ದು 98. ಅಂತರ 19ಕ್ಕೆ ಬಂತು. ನನ್ನ ಅಂಕ ಇಳಿದದ್ದಕ್ಕೆ ಮೇಡಂಗೆ ಖುಷಿ! ಒಂದು ಸೂಚನೆ: ಇಬ್ಬರೂ ಒಂದೇ ಮೇಜಿನಲ್ಲಿ ಕೂರಬೇಡಿ. ಎರಡನೆಯ ಸಲ ನಾನು ಇಣುಕಿ ನೋಡಿ ಸಿಕ್ಕಿಬಿದ್ದೆ.